ಎಂಟು ಹತ್ತಕ್ಕೆ ಬಂದ ಭೋಜಣ್ಣ

ವೆಲಿಟಾ ಇಲ್ಲಿ ಕೊಲ್ಲಿ ದೇಶದಲ್ಲಿ, ಅಬ್ಬಾಸಿಯಾದ ನಮ್ಮ ಕಟ್ಟಡದ ಮೂರನೇ ಮಹಡಿಯವಳು. ಹನ್ನೊಂದು ವರ್ಷ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಟೋಕನ್ ಕೊಡುತ್ತಿದ್ದಳು. ಅಲ್ಲಿ ಬೆಳಗ್ಗೆ ಈ ದೇಶದವರಿಗೆ, ಸಂಜೆ ನಾಲ್ಕರ ಮೇಲೆ ಹೊರಗಿನಿಂದ ದುಡಿಯಲು ಬಂದ ನಮ್ಮಂಥವರಿಗೆ. ಆ ನಿಯಮ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ವೆಲಿಟಾಗೆ ಆಗ ಉರಿಯುತ್ತಿರಲಿಲ್ಲ. ಒಮ್ಮೆ ತರಬೇತಿಗೆ ಬಂದ ಅಮೆರಿಕದ ಟೀಚರು, ತಮ್ಮಲ್ಲಿ ಹಿಂದೆ ಕಪ್ಪು ಜನರಿಗೆ ಬೇರೆ ಬಾಗಿಲು, ಬೇರೆ ವಾರ್ಡು ಇದ್ದದ್ದನ್ನೂ ಅದನ್ನು ತೆಗೆಸಲು ಡಾಕ್ಟರುಗಳೇ ಕೋರ್ಟಿಗೆ ಹೋದದ್ದನ್ನೂ ಹೇಳಿದ್ದರಂತೆ. ಕೇಳಿ ಕಣ್ಣೊರೆಸಿಕೊಂಡು ಬಂದವಳು ಎಂದಿನಂತೆ ಟೋಕನ್ ಕೊಡಲು ಕೂತಳು. ಅವಳೇ ಹೇಳಿದ್ದು.

ಜನರನ್ನು ಕಾಯಿಸುವುದರಲ್ಲಿ ಅವಳದು ಎತ್ತಿದ ಕೈ. ಅರಬಿಯಲ್ಲಿ ಗದರಿದರೆ ಜಗಳಕ್ಕೆ ನಿಲ್ಲುವವರು ಊರ ಭಾಷೆಯಲ್ಲಿ ಮೆಲ್ಲಗೆ ಹೇಳಿದರೆ ಕೇಳುತ್ತಿದ್ದರು.

ಕಳೆದ ತಿಂಗಳು ಒಂದು ಬೆಳಗ್ಗೆ ದೂರದ ವಫ್ರಾದ ತೋಟದಿಂದ ಭೋಜ ಎಂಬವರು ಬಂದರು. ಬಸ್ಸಿಲ್ಲದೆ ತರಕಾರಿ ಲಾರಿ ಹತ್ತಿ ಬಂದಿದ್ದರು. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಗಡಿಯಾರದಲ್ಲಿ ಎಂಟು ಹತ್ತು.

"ಎಂತ ಆಗ್ತದೆ ಅಣ್ಣ?" ಚೀಟಿಯಲ್ಲಿ ಹೆಸರು ನೋಡಿ ವೆಲಿಟಾ ತುಳುವಿನಲ್ಲೇ ಕೇಳಿದಳು.

ತುಳು ಕೇಳಿ ಅವರ ಮುಖ ಅರಳಿತು. ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆಯೇ ಕರೆದರು. "ಎಂತ ಇಲ್ಲ ಬಾಯಮ್ಮ, ಸ್ವಲ್ಪ ಎದೆ ಉರಿ. ಗ್ಯಾಸ್ ಆಗಿರ್ಬೇಕು."

"ನಮ್ಮವರ ಟೈಮು ನಾಲ್ಕು ಗಂಟೆಗೆ. ಆ ಬೆಂಚಲ್ಲಿ ಕೂತ್ಕೊಳ್ಳಿ, ನಿಮ್ಮನ್ನೇ ಫಸ್ಟ್ ಕರೀತೇನೆ, ಆಯ್ತಾ?"

"ಆಯ್ತು. ನಿಮ್ಗೆ ತೊಂದ್ರೆ ಆಗುದು ಬೇಡ."

ಬೇರೆ ಯಾರಾದರೂ ಹೇಳಿದ್ದರೆ ಆ ಮನುಷ್ಯ ಕೂಗಾಡುತ್ತಿದ್ದರೋ ಏನೋ. ಊರಿನ ಬಾಯಮ್ಮನಿಗೆ ಮುಜುಗರವಾಗಬಾರದೆಂದು ಹತ್ತಿರ ಹತ್ತಿರ ಎಂಟು ತಾಸು ಕೂತರು. ನಾಲ್ಕಕ್ಕೆ ಅವಳು ಒಂದನೇ ನಂಬರ್ ಕರೆದಳು. ಮತ್ತೆ ಕರೆದಳು. ಅವರು ಏಳಲಿಲ್ಲ.

ಮರುದಿನ ಮೇಲಿನವರು ಸಾವಿನ ವರದಿಯ ಫಾರಂ ಕೊಟ್ಟರು. ರೋಗಿ ಬಂದದ್ದು ಮೂರೂವರೆಗೆ ಎಂದು ಬರೆದರೆ ಖಲಾಸ್, ವಿಷಯ ಅಲ್ಲಿಗೇ ಮುಗಿಯಿತು. ಎಂಟು ಹತ್ತು ಎಂದು ಬರೆದರೆ ಕಾಯಿಸಿದ ತಪ್ಪು ಅವಳ ಮೇಲೆ ಬಂದು ಕೆಲಸ, ಇಲ್ಲಿ ಇರಲು ಬೇಕಾದ ಇಕಾಮಾ ಎರಡೂ ಹೋಗುತ್ತವೆ. ವೆಲಿಟಾ ಫಾರಂ ಬ್ಯಾಗಿನಲ್ಲಿಟ್ಟುಕೊಂಡು ಎರಡು ದಿನ ತಿರುಗಿದಳು. ಬೆಂಚು ಕಾಣದಂತೆ ಕುರ್ಚಿ ತಿರುಗಿಸಿ ಕೂತಳು. ಆದರೂ ಬೆನ್ನ ಹಿಂದೆ ಅವರು, ಯಾರಿಗೂ ತೊಂದರೆ ಕೊಡದೆ, ಕೂತೇ ಇದ್ದರು.

ಮೂರನೇ ದಿನ ಭೋಜರ ಹೆಂಡತಿ ಕುಸುಮಾವತಿ ಸುರತ್ಕಲ್‌ನಿಂದ ಆಸ್ಪತ್ರೆಗೆ ಫೋನ್ ಮಾಡಿ ಊರಿನ ಬಾಯಮ್ಮನನ್ನು ಕೇಳಿದರು.

"ಇಲ್ಲಿ ನಮ್ಮವರು ಒಬ್ರು ಇದ್ದಾರೆ, ಇನ್ನು ಹೆದರಿಕೆ ಇಲ್ಲ ಅಂತ ಅವ್ರು ಬೆಂಚಲ್ಲಿ ಕೂತು ನಂಗೆ ಫೋನ್ ಮಾಡಿದ್ರು. ನಿಮ್ಮ ಉಪಕಾರ ಮರೀಲಿಕ್ಕುಂಟಾ."

ವೆಲಿಟಾ ಫೋನಿಟ್ಟು, ಫಾರಂ ತೆಗೆದು ಎಂಟು ಹತ್ತು ಎಂದು ಬರೆದಳು. ಕೆಳಗೆ, ಕಾಯಲು ಹೇಳಿದ್ದು ನಾನು ಎಂದು ಸೇರಿಸಿ ಸಹಿ ಹಾಕಿದಳು.

ನಿಯಮ ಹಾಗೇ ಇದೆ. ಹೋದದ್ದು ಅವಳ ಕೆಲಸ ಮಾತ್ರ. ನಿನ್ನೆ ಅವಳ ಸೂಟ್‌ಕೇಸ್ ತುಂಬಿಸಲು ನಾನೂ ಕೈ ಜೋಡಿಸಿದೆ. ಗಂಟೆ ನಾಲ್ಕಾದಾಗ ಅವಳು ಮಡಚುತ್ತಿದ್ದ ಬಟ್ಟೆ ಬಿಟ್ಟು ಬಾಗಿಲ ಕಡೆ ನೋಡಿದಳು.

"ಮೊದಲು ಸುರತ್ಕಲ್‌ಗೆ ಹೋಗ್ಬೇಕು," ಎಂದಳು.

"ಹೋಗಿ ಎಂತ ಹೇಳ್ತಿ?"

"ಉಪಕಾರ ಅಂತ ಹೇಳಿದ್ರಲ್ಲ, ಅದನ್ನು ವಾಪಸ್ ತಗೊಳ್ಳಿ ಅಂತ."