ಕಂದೀಲಿನ ಕಾವು

ನೂಲ ಗ್ರಾಮದ ಧನಪಾಲ ಊರೊಳಗಿನ ಮನೆ ಬಿಟ್ಟು ತೋಟದ ವಸ್ತಿಮನೆಯಲ್ಲಿ ಮಲಗತೊಡಗಿದ್ದು ಹೆಂಡತಿ ಅಕ್ಕವ್ವ ಕಾಲರಾ ಬೇನೆಯಲ್ಲಿ ತೀರಿಕೊಂಡ ವರ್ಷ. ಅವನಿಗೆ ಮಕ್ಕಳಿರಲಿಲ್ಲ. ಹೋಗೆಂದು ಯಾರೂ ಅಂದಿರಲಿಲ್ಲ. ತಮ್ಮ ಸುಕುಮಾರನ ಸಂಸಾರ ಬೆಳೆದಿತ್ತು. ತುಂಬಿದ ಮನೆಯ ಗದ್ದಲದಲ್ಲಿ ತನ್ನ ಕೋಣೆಯೊಂದೇ ಸಪ್ಪಳವಿಲ್ಲದೆ ಬಿದ್ದಿರುವುದು ಅವನಿಗೆ ತಡೆಯದಾಯಿತು, ಅಷ್ಟೆ. ಊಟಕ್ಕೆ ಮಾತ್ರ ಊರಿಗೆ ಹೋಗುತ್ತಿದ್ದ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಉಂಡು ಮುಗಿಯಬೇಕು. ಉಂಡವನು ಇನ್ನೂ ಬೆಳಕಿರುವಾಗಲೇ ಕಬ್ಬಿನ ಬದುವಿನಗುಂಟ ಹಿಂದಿರುಗುತ್ತಿದ್ದ. ಆಮೇಲೆ ಮಾತಿಗೆ ಸಿಗುವವಳೆಂದರೆ ಬದುವಿನಾಚೆಯ ಗುಡಿಸಲಿನ ದುರ್ಗವ್ವ ಒಬ್ಬಳೇ.

ದುರ್ಗವ್ವನೂ ಗಂಡನನ್ನು ಕಳಕೊಂಡವಳು. ಒಬ್ಬಳೇ ಮಗಳನ್ನು ಕೋವಾಡಕ್ಕೆ ಕೊಟ್ಟಿದ್ದಳು. ಕಂಡವರ ಹೊಲದಲ್ಲಿ ಕಳೆ ತೆಗೆದು, ನಾಲ್ಕು ಕೋಳಿ ಸಾಕಿಕೊಂಡು ಹೊಟ್ಟೆ ಹೊರೆಯುತ್ತಿದ್ದಳು. ಅವಳು ಬದುವಿನ ಆ ಕಡೆ, ಇವನು ಈ ಕಡೆ. ಮಳೆಯ ಮಾತು, ಮೊಣಕಾಲು ನೋವಿನ ಮಾತು, ಸತ್ತವರ ಮಾತು. ಅದಕ್ಕಿಂತ ಹೆಚ್ಚಿಗೆ ಇಬ್ಬರಿಗೂ ಬೇಕಿರಲಿಲ್ಲ.

ಹೀಗೇ ವರ್ಷಗಳು ಕಳೆದು, ಒಂದು ಮಾಘದ ಚಳಿಯಲ್ಲಿ, ನಡು ಮಧ್ಯಾಹ್ನ, ನಾಯಿಯೊಂದು ದುರ್ಗವ್ವನ ಕಾವಿಗೆ ಕೂತ ಕೋಳಿಯನ್ನು ಹೊತ್ತುಕೊಂಡು ಹೋಯಿತು. ಅವಳು ತತ್ತಿಗಳ ಬುಟ್ಟಿ ಹಿಡಿದುಕೊಂಡು ಬದುವಿನ ಮೇಲೆ ಬಂದು ಕೂತಳು. ಉಳಿದ ಕೋಳಿಗಳಲ್ಲಿ ಒಂದಕ್ಕೂ ಕಾವು ಬಂದಿರಲಿಲ್ಲ. ಅರ್ಧ ಕಾವಾದ ತತ್ತಿ ತಿನ್ನಲೂ ಬರುವುದಿಲ್ಲ, ಹಳ್ಳಕ್ಕೆ ಚೆಲ್ಲಬೇಕಷ್ಟೆ ಎಂದು ಹೇಳಿ, ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು, ಬೊಗಸೆಯ ನೆರಳಿನಲ್ಲಿ ಅವನಿಗೂ ತೋರಿಸಿದಳು. ತತ್ತಿಯನ್ನು ಅಷ್ಟು ಹತ್ತಿರದಿಂದ ಧನಪಾಲ ಎಂದೂ ನೋಡಿದವನಲ್ಲ. ಕೆಂಪು ಬೆಳಕಿನೊಳಗೆ ಕಪ್ಪಗಿನದೇನೋ ಮಿಸುಕಿತು.

ಹಿಂದೊಮ್ಮೆ ಬೆಲ್ಲದ ಗಾಡಿಯ ಜೊತೆ ಕೊಲ್ಲಾಪುರಕ್ಕೆ ಹೋದಾಗ ಅಕ್ಕವ್ವನೂ ಬಂದಿದ್ದಳು. ಅಲ್ಲೊಂದು ಬೇಸಾಯದ ಪ್ರದರ್ಶನ. ಎಲ್ಲರೂ ಕಬ್ಬಿನ ಗಾಣದ ಸುತ್ತ ಮುತ್ತಿದ್ದರೆ, ದೀಪದ ಕಾವಿನಿಂದ ಮರಿ ಮಾಡುವ ಪೆಟ್ಟಿಗೆಯ ಮುಂದೆ ಅಕ್ಕವ್ವ ಕಾಲು ಕಿತ್ತಿರಲಿಲ್ಲ. ಮಡಿಲು ತುಂಬದ ಹೆಂಗಸು ಅದನ್ನು ಯಾಕೆ ಹಾಗೆ ನೋಡುತ್ತಾಳೆಂದು ಅವನಿಗೆ ಆಗಲೇ ತಿಳಿದಿತ್ತು. ತಿಳಿದೂ ಕೈಹಿಡಿದು ಕರೆದುಕೊಂಡು ಬಂದಿದ್ದ.

"ಚೆಲ್ಲಬ್ಯಾಡ ದುರ್ಗವ್ವಾ," ಅಂದ. "ನನ್ನ ಕಡೆ ಕೊಡು."

ಸಾಬೂನಿನ ಹಳೆಯ ಕಟ್ಟಿಗೆ ಪೆಟ್ಟಿಗೆಯೊಂದು ವಸ್ತಿಯಲ್ಲಿತ್ತು. ಅದರ ನಡುವೆ ತಗಡು ಕೂರಿಸಿ, ಕೆಳಗೆ ಕಂದೀಲು, ಮೇಲೆ ತೌಡು, ತೌಡಿನ ಮೇಲೆ ಹತ್ತಿ ಹಾಸಿ ತತ್ತಿ ಇಟ್ಟ. ಹೊಗೆ ಹೋಗಲು ಬದಿಗೆ ತೂತು ಕೊರೆದ. ಸುತ್ತ ಕಂಬಳಿ ಹೊದಿಸಿದ. ಒಳಗೆ ಬಟ್ಟಲಲ್ಲಿ ನೀರಿಡಬೇಕು, ಕೋಳಿ ಕೊಕ್ಕಿನಿಂದ ಹೊರಳಿಸಿದ ಹಾಗೆ ಆಗಾಗ ಹೊರಳಿಸಬೇಕು ಎಂದು ದುರ್ಗವ್ವ ಹೇಳಿಕೊಟ್ಟಳು. ಕಾವು ಸರಿಯಿದೆಯೋ ಇಲ್ಲವೋ ಎಂಬುದನ್ನು ಕೈಗಿಂತ ಕಣ್ಣರೆಪ್ಪೆ ಚೆನ್ನಾಗಿ ಹೇಳುತ್ತದೆಂದು, ತತ್ತಿಯನ್ನು ರೆಪ್ಪೆಗೆ ತಾಗಿಸಿ ತೋರಿಸಿದಳು. ಅವನೂ ಹಾಗೇ ಮಾಡಿದ. ಬಹಳ ವರ್ಷದ ಮೇಲೆ ಬೆಚ್ಚಗಿನದೊಂದು ಅವನ ಮುಖಕ್ಕೆ ತಾಗಿತ್ತು.

ಯುದ್ಧದ ಕಾಲ. ಕಂದೀಲಿಗೆ ಬೇಕಾದ ಘಾಸಲೇಟ ಎಣ್ಣೆ ರೇಶನ್ನಿನಲ್ಲಿ ಸಿಕ್ಕಷ್ಟೇ. ಸಿಕ್ಕಿದ್ದನ್ನೆಲ್ಲ ಅವನು ಪೆಟ್ಟಿಗೆಗೆ ಸುರಿದು, ತಾನು ಕತ್ತಲಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡ.

ಸುದ್ದಿ ಊರು ಮುಟ್ಟಲು ಎಷ್ಟು ಹೊತ್ತು? ಸುಕುಮಾರನ ಹೆಂಡತಿ ಮಂಗಲ ಮೊದಲು ಅವನ ಊಟದ ತಾಟನ್ನು ಪಡಸಾಲೆಗೆ ತಂದಿಟ್ಟಳು. ತತ್ತಿ ಮುಟ್ಟಿದ ಕೈ ಅಡುಗೆಮನೆಯೊಳಗೆ ಬರಬಾರದು. ಆಮೇಲೆ ತಾಟು ಹೊರಗಿನ ಕಟ್ಟೆಗೆ ಬಂತು. ಬಸದಿಯ ಉಪಾಧ್ಯೆಯವರು ಅವನನ್ನು ಕರೆಸಿ ಕೂರಿಸಿಕೊಂಡು ಸಿಟ್ಟಿಲ್ಲದೆ ಕೇಳಿದರು:

"ದೀಪಕ್ಕ ಹುಳ ಬಿದ್ದು ಸಾಯ್ತಾವಲ್ಲ ಧನಪಾಲ, ಅವಕ್ಕ ಜೀವ ಇಲ್ಲೇನು?"

ಧನಪಾಲ ವಸ್ತಿಗೆ ಬಂದು, ಪೆಟ್ಟಿಗೆಯ ತೂತಿಗೆ ಅಕ್ಕವ್ವನ ಹಳೆಯ ಸೀರೆಯ ತೆಳ್ಳನೆಯ ತುಂಡನ್ನು ಬಿಗಿದು ಕಟ್ಟಿದ. ಮರುದಿನದಿಂದ ಕಟ್ಟೆಯ ಊಟಕ್ಕೂ ಹೋಗಲಿಲ್ಲ. ವಸ್ತಿಯಲ್ಲೇ ಮೂರು ಕಲ್ಲು ಹೂಡಿ ರೊಟ್ಟಿ ಬಡಿದುಕೊಂಡ. ಯಾರಾದರೂ ಕರೆಯಲು ಬಂದಾರೆಂದು ಕೆಲವು ದಿನ ಬದುವಿನ ಕಡೆ ನೋಡಿದ, ಯಾರೂ ಬರಲಿಲ್ಲ.

ಒಂದು ಬೆಳಗ್ಗೆ ತತ್ತಿಯನ್ನು ಹೊರಳಿಸುವಾಗ ಒಳಗಿನಿಂದ ಸಣ್ಣ ದನಿ ಕೇಳಿತು. ಕೇಳಿದ್ದು ಖರೆಯೋ ಭ್ರಮೆಯೋ ಎಂದು ಕಿವಿಗೆ ಹಿಡಿದ. ಮತ್ತೆ ಕೂಗಿತು. ಏನು ಹೇಳಬೇಕೋ ತಿಳಿಯದೆ "ಹೂಂ, ಹೂಂ" ಎಂದು ಓಗೊಟ್ಟ. ಸಂಜೆಯ ಹೊತ್ತಿಗೆ ಚಿಪ್ಪುಗಳು ಬಿರುಕುಬಿಟ್ಟವು. ಎಲ್ಲ ಹೊರಬರಲಿಲ್ಲ, ಕೆಲವು ತತ್ತಿ ಕೊನೆಯವರೆಗೂ ಕಲ್ಲಿನಂತೆ ಸುಮ್ಮನಿದ್ದವು. ಒಂದು ಮರಿ ಕೊಕ್ಕು ಹೊರಹಾಕಿ ಅಲ್ಲೇ ಒಣಗಿ ಸತ್ತಿತು. ಆತುರಕ್ಕೆ ತಾನೇ ಮತ್ತೆ ಮತ್ತೆ ಮುಚ್ಚಳ ತೆಗೆದು ತಣ್ಣಗಿನ ಗಾಳಿ ಬಿಟ್ಟೆನೆಂದು ಅದರ ಸಂಕಟ ಬಹಳ ದಿನ ಅವನನ್ನು ಕಾಡಿತು. ಬದುಕಿದವು ಐದು.

ಅವು ಅವನ ಹಿಮ್ಮಡಿ ಬಿಡಲಿಲ್ಲ. ಬಾವಿಗೆ ಹೋದರೆ ಬಾವಿಗೆ, ಕಬ್ಬಿಗೆ ಹೋದರೆ ಕಬ್ಬಿಗೆ. ಧನಪಾಲನಿಗೆ ಈ ವಯಸ್ಸಿಗೆ ಮಕ್ಕಳಾದವು ಎಂದು ದಾರಿಹೋಕರು ನಕ್ಕರು. ಅವನಿಗೂ ನಗು ಬರುತ್ತಿತ್ತು. ಜೊತೆಗೆ ನಗಲು ಮನೆಯವರು ಯಾರೂ ಇರಲಿಲ್ಲ.

ಮರಿಗಳಿಗೆ ಪುಕ್ಕ ಬಲಿತ ಮೇಲೆ ಒಂದು ದಿನ ದುರ್ಗವ್ವ ಬುಟ್ಟಿ ತಗೊಂಡು ಬಂದಳು. ಅಂದು ಗಡಹಿಂಗ್ಲಜದ ಸಂತೆ.

"ಅಣ್ಣಾರ, ಮೂರ ನನಗ ಕೊಡ್ರಿ. ಎರಡ ನೀವು ಇಟ್ಕೋರಿ."

"ಸಂತ್ಯಾಗ ಮಾರಿದ್ರ ಕೊಯ್ತಾರ, ದುರ್ಗವ್ವಾ."

"ಕೋಳಿ ಮತ್ಯಾಕ ಸಾಕ್ತಾರ್ರಿ?"

ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ತತ್ತಿ ಅವಳದು, ಕೋಳಿ ಅವಳದು, ಕಾವಿನ ವಿದ್ಯೆಯೂ ಅವಳದೇ. ಧನಪಾಲ ಒಳಗೆ ಹೋಗಿ ಒಂದು ಚೀಲ ಜೋಳ ಹೊತ್ತು ತಂದು ಅವಳ ಮುಂದೆ ಇಳಿಸಿದ. ಕೊಯ್ಯುವ ಕೈಗೆ ಇವನ್ನು ಕೊಡಲಾರೆನೆಂದ. ಹೇಳಬಾರದ ಮಾತು ಅದು. ಬಾಯಿಂದ ಬಿದ್ದ ಮೇಲೆ ಅವನಿಗೇ ಗೊತ್ತಾಯಿತು. ದುರ್ಗವ್ವ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು. ಜೋಳವನ್ನು ಹೊತ್ತುಕೊಂಡು ಹೋದಳು. ಅಂದಿನಿಂದ ಬದುವಿನ ಮೇಲೆ ಬಂದು ಕೂರಲಿಲ್ಲ.

ಮರಿಗಳಲ್ಲಿ ಒಂದು ಹೇಟೆ, ಉಳಿದವು ಹುಂಜ. ಹೇಟೆ ಮೊದಲ ತತ್ತಿ ಇಟ್ಟಾಗ ಧನಪಾಲ ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಇದಕ್ಕೂ ದೀಪ ಹಚ್ಚಿದರೆ ನಾಳೆ ಮತ್ತೊಂದಕ್ಕೆ, ನಾಡಿದ್ದು ಇನ್ನೊಂದಕ್ಕೆ. ಎಷ್ಟು ಜೀವಕ್ಕೆಂದು ಒಬ್ಬ ಮನುಷ್ಯ ಕಾವು ಕೊಟ್ಟಾನು? ಕೊನೆಗೆ ಬದುವಿನ ಕಲ್ಲಿನ ಮೇಲೆ ಇಟ್ಟು ಬಂದ. ಮರುದಿನ ನೋಡಿದರೆ ಇರಲಿಲ್ಲ. ಆಮೇಲಿನ ತತ್ತಿಗಳನ್ನೂ ಅಲ್ಲೇ ಇಟ್ಟ. ಯಾರು ಒಯ್ದರೆಂದು ಗೊತ್ತಿತ್ತು, ಏನು ಮಾಡಿದರೆಂದು ಕೇಳಲಿಲ್ಲ. ಉಪಾಧ್ಯೆಯವರಿಗೆ ಈ ಪಾಪದ ಮಾತು ಹೇಳಲೂ ಇಲ್ಲ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು, ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ ಸುಕುಮಾರ ವಸ್ತಿಗೆ ಬಂದ. ಕೈಮುಗಿದ, ಕಣ್ಣು ತುಂಬಿತ್ತು.

"ಮನೀಗೆ ಬಾ ಅಣ್ಣಾ. ಇವನ್ನ ಯಾರಿಗಾರ ಕೊಟ್ಟುಬಿಡು, ಸಾಕು."

ಧನಪಾಲನೂ ತಮ್ಮನಿಗೆ ಕೈಮುಗಿದ. ತಪ್ಪೆಲ್ಲ ತನ್ನದೇ ಎಂದ. ಆದರೆ ಹೋಗಲಿಲ್ಲ. ತಮ್ಮನ ಬೆನ್ನು ಕಬ್ಬಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ಬದು ದಾಟಿ ದುರ್ಗವ್ವನ ಗುಡಿಸಲಿನ ಮುಂದೆ ನಿಂತ. ಅವಳು ಕಾಳು ಹಸನು ಮಾಡುತ್ತಿದ್ದಳು.

"ನಿನ್ನ ಮನಸ್ಸ ನೋಯಿಸೇನಿ, ದುರ್ಗವ್ವಾ."

"ನೋಯ್ಸೀರಿ ಖರೆ," ಅಂದಳು ಅವಳು, ಮೊರದಿಂದ ಕಣ್ಣೆತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕೂರಲು ಗೋಣಿಚೀಲ ಸರಿಸಿಕೊಟ್ಟಳು. ಹೊತ್ತು ಮುಳುಗುವ ಮುಂಚೆ ಅವನು ಎದ್ದು ಬಂದ.

ದೀಪಾವಳಿ ಕಳೆದ ಮೇಲೆ ಅವಳ ಮಗಳು ಗಾಡಿ ಕಟ್ಟಿಸಿಕೊಂಡು ಬಂದು ತಾಯಿಯನ್ನು ಕೋವಾಡಕ್ಕೆ ಕರೆದುಕೊಂಡು ಹೋದಳು. ಹೋಗುವಾಗ ದುರ್ಗವ್ವ ಗಾಡಿ ನಿಲ್ಲಿಸಿ ಅವನನ್ನು ಕರೆದಳಂತೆ. ಅವನು ದೂರದ ಬಾವಿಯ ಮೇಲೆ ಎತ್ತು ಹೂಡಿ ನೀರೆತ್ತುತ್ತಿದ್ದ, ಕೇಳಿಸಲಿಲ್ಲ.

ಹೇಟೆಯೂ ಹುಂಜಗಳೂ ಮುಪ್ಪಾಗಿ ಒಂದೊಂದಾಗಿ ಸತ್ತವು. ನೂಲದಲ್ಲಿ ಮುಪ್ಪಿನಿಂದ ಸತ್ತ ಹುಂಜವನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಧನಪಾಲ ಒಂದೊಂದನ್ನೂ ಬೇವಿನ ಬುಡದಲ್ಲಿ ಹೂತು, ಮಿಂದು ಬಂದು, ಬೆಳಕಿರುವಾಗಲೇ ತನ್ನ ರೊಟ್ಟಿ ತಿಂದು ಕದ ಹಾಕಿಕೊಳ್ಳುತ್ತಿದ್ದ.