ಹತ್ತಿ ಹೂವಿನ ಮುಂದೆ

ಜಲವರ್ಣದಲ್ಲಿ ಬಿಳಿಯನ್ನು ಬಳಿಯುವುದಿಲ್ಲ, ಬಿಡುತ್ತಾರೆ; ಬಣ್ಣ ತಾಗದ ಕಾಗದವೇ ಬಿಳಿ. ರಾಣೆಬೆನ್ನೂರಿನ ಅಂಗಡಿಯಲ್ಲಿ ಆಯುಷ್ಯವಿಡೀ ಬಿಳಿ ಧೋತರದ ಥಾನು ಬಿಚ್ಚಿ ಮಡಚಿದ ನನಗೆ ಈ ಸಂಗತಿ ತಿಳಿದದ್ದು ಲಕ್ವಾ ಹೊಡೆದು ಬಲಗೈ ನಡುಗತೊಡಗಿದ ಮೇಲೆ. ಕತ್ತರಿ ಹಿಡಿದರೆ ಅರಿವೆ ಸೊಟ್ಟಗಾಗುತ್ತಿತ್ತು. ಅಂಗಡಿಯನ್ನು ಮಗನಿಗೊಪ್ಪಿಸಿ, ಕೈಯನ್ನು ಜುಬ್ಬಾದ ಕಿಸೆಯೊಳಗೆ ಅಡಗಿಸಿ ಕುಳಿತವನ ಮುಂದೆ ಸೊಸೆ ಬಣ್ಣದ ಪೆಟ್ಟಿಗೆ ತಂದಿಟ್ಟಳು.

"ಮಾವಾರ, ಕೈ ಹಂಗ ಸುಮ್ಮನ ಬಿಡಬ್ಯಾಡ್ರಿ. ಹೂವು, ಕಾಯಿ, ಏನರ ಚಿತ್ರಾ ತಗೀರಿ."

ನನ್ನ ಕಲಾರಾಧನೆ ಬ್ಯಾಡಗಿ ಮೆಣಸಿನಕಾಯಿಯಿಂದ ಆರಂಭವಾಯಿತು. ಮುಂಜಾನೆಯಿಡೀ ಕೆಂಪು ಕಲಸಿ ಮುಗಿಸಿದ ಕೃತಿಯನ್ನು ನೋಡಿ ನನ್ನ ಹೆಂಡತಿ, "ಗಜ್ಜರಿ ಭಾಳ ಚಲೋ ಬಂದೈತ್ರಿ" ಎಂದು ಮನಸಾರೆ ಹೊಗಳಿದಳು.

ಮೆಣಸಿನಕಾಯಿ ಕ್ಯಾರೆಟ್ ಆದ ಅವಮಾನವನ್ನು ನುಂಗಿಕೊಂಡು, ಗಾಳಿ ಬದಲಾದರೆ ಕೈಯೂ ಬದಲಾದೀತೆಂದು ಹಲಗೇರಿಗೆ, ತಂಗಿ ಶಾಂತವ್ವನ ಮನೆಗೆ ಹೋದೆ. ಅವಳ ಹೊಲದಲ್ಲಿ ಹತ್ತಿ ಹೂಬಿಟ್ಟಿತ್ತು. ಬೆರಳಲ್ಲಿ ಮುಟ್ಟಿಯೇ ನೂಲಿನ ಜಾತಿ ಹೇಳುತ್ತೇನೆಂದು ಗಿರಾಕಿಗಳ ಮುಂದೆ ಬೀಗುತ್ತಿದ್ದ ನಾನು ಹತ್ತಿಯ ಹೂವಿನ ಎದುರು ಒಮ್ಮೆಯೂ ಕುಳಿತಿರಲಿಲ್ಲ! ಒಂದರ ತೊಟ್ಟಿಗೆ ಗುರುತಿಗೆಂದು ದಾರ ಕಟ್ಟಿ, ಬದುವಿನ ಮೇಲೆ ಕೂತೆ. ಐದು ಎಸಳುಗಳು ಒಂದರ ಹೆಗಲ ಮೇಲೊಂದು ಒರಗಿ ಸುರುಳಿಯಾಗಿದ್ದವು. ಬಣ್ಣ ಬೆಣ್ಣೆಗಿಂತ ತುಸು ಹಳದಿ. ಅದರ ತೆಳುತನವನ್ನು ಕಾಗದದ ಮೇಲೆ ಹಿಡಿಯುವಷ್ಟರಲ್ಲಿ ಹೊತ್ತು ಇಳಿಯಿತು.

ಮರುದಿನ ಮುಂಜಾನೆ ಹೋಗಿ ನೋಡಿದರೆ ಹೂವು ಗುಲಾಬಿ.

"ಶಾಂತವ್ವಾ! ನನ್ನ ಹೂವ ಯಾರ ಹರಕೊಂಡ್ರು?"

"ಯಾರೂ ಹರಕೊಂಡಿಲ್ಲೋ ಅಣ್ಣಾ, ದಾರಾ ನೋಡು. ಹತ್ತಿ ಹೂವ ಮರುದಿನ ಹಿಂಗ ಆಗ್ತದ."

"ಯಾಕ?"

"ಖರೇ, ಯಾಕಂತ ನಾನೂ ಕೇಳಿಲ್ಲ ನೋಡು" ಎನ್ನುತ್ತ ಸೆರಗು ಸುತ್ತಿಕೊಂಡು ನನ್ನ ಪಕ್ಕದಲ್ಲೇ ಕೂತಳು. ಹುಟ್ಟಿದಾಗಿನಿಂದ ಹತ್ತಿಯನ್ನು ಕಂಡವಳು, ಹತ್ತಿಯನ್ನೇ ಉಂಡುಟ್ಟವನು, ಇಬ್ಬರೂ ಹೊಸದಾಗಿ ಕಣ್ಣು ಬಂದವರಂತೆ ನೋಡುತ್ತ ಉಳಿದೆವು. ಒಂದು ರಾತ್ರಿಯಲ್ಲಿ, ಯಾರ ಬಣ್ಣದ ಪೆಟ್ಟಿಗೆಯನ್ನೂ ಕೇಳದೆ, ಅದು ಬೇರೊಂದೇ ಆಗಿ ನಿಂತಿತ್ತು.

ಒಣಗಿದ ಹಳದಿಯ ಮೇಲೆ ನೀರಾದ ಗುಲಾಬಿಯನ್ನು ಹರಿಸಲು ಹೋದೆ. ಕೈ ನಡುಗಿತು. ಕೆಟ್ಟಿತೆಂದುಕೊಂಡೆ; ಆದರೆ ಕುಂಚ ಅದುರಿದ ಗೆರೆ ಬಾಡುತ್ತಿರುವ ಎಸಳಿನ ಅಂಚಿಗೇ ಹೋಗಿ ಸುಕ್ಕಾಗಿ ಕೂತಿತು. ತಂಗಿ ಚಿತ್ರವನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನದನ್ನು ಕಿಸೆಗೆ ಹಾಕಿಕೊಳ್ಳಲಿಲ್ಲ.

ಅದರ ಮರುದಿನ ಹೂವು ಕಳಚಿ ಬಿದ್ದಿತ್ತು. ಶಾಂತವ್ವ ಬುಡದಲ್ಲುಳಿದ ಹಸಿರು ಹೊದಿಕೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿದಳು. ಒಳಗೆ ಕಡಲೆಯಷ್ಟು ದೊಡ್ಡ ಕಾಯಿ.

"ಇದು ಬಲಿತು ಒಡದು ಬಿಳೀ ಹತ್ತಿ ಆಗಾಕ ಇನ್ನ ಭಾಳ ದಿನಾ ಬೇಕು. ಅಲ್ಲೀತನಕ ಇರ್ತೀಯೇನ?" ಎಂದು ಕೇಳಿದಳು.

ಮನೆಗೆ ಫೋನ್ ಹಚ್ಚಿ ಸೊಸೆಗೆ ಹೇಳಿದೆ: "ಅಂಗಿ ಸ್ವಲ್ಪ ಕಳಸವ್ವಾ, ಕಾಗದಾ ಭಾಳ ಕಳಸು."