ಗುಡ್ಡದ ಮೇಲೆ ಕೇಳಿದ ‘ಕಾಯ್’

ಆ ದಿನ ಗುಡ್ಡದ ಮೇಲೆ ನನ್ನನ್ನು ತಡೆದದ್ದು ನನ್ನ ಗಂಡನ ದನಿ. ಆ ಹೊತ್ತಿಗೆ ಗಂಡ ಕೆಳಗೆ ಮನೆಯಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ನಡೆದದ್ದು ಇಷ್ಟೇ. ಗಾಳಿ, ಮಂಜು, ಮುದುಕಿಯ ಕಿವಿ ಎಂದು ಕಾರಣ ಹಚ್ಚುವವರು ನನ್ನೆದುರಿಗೆ ಬರಬೇಡಿ. ಹಾಗಂತ ನಾನು ಇಂಥದ್ದನ್ನು ನಂಬುವವಳಲ್ಲ. ಓಣಿಯಲ್ಲಿ ಯಾರ ಮೈಮೇಲಾದರೂ ದೇವರು ಬಂದರೆ ಎಲ್ಲರೂ ಓಡಿಹೋಗುತ್ತಿದ್ದರು, ನಾನು ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಈಗಲೂ ಹಾಗೇ ಇದ್ದೇನೆ. ಅದಕ್ಕೇ ಸಿಟ್ಟು.

ನಮ್ಮವರು ಪುಣೆಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಲೋಣಾವಳಾದ ಕಡೆ ಒಂದು ಹಳ್ಳಿಯಲ್ಲಿ ಸಣ್ಣ ಮನೆ ಕಟ್ಟಿಸಿದರು. ಇನ್ನು ಆರಾಮಾಗಿ ಕೂರುತ್ತಾರೆ ಎಂದುಕೊಂಡಿದ್ದೆ. ಆ ಮನುಷ್ಯನಿಗೆ ಕೂರಲಿಕ್ಕೇ ಬರುತ್ತಿರಲಿಲ್ಲ. ಮೊದಲು ಕೋಳಿಗೂಡು ಕಟ್ಟಿದರು. ಕೋಳಿಗಳನ್ನು ಮುಂಗುಸಿ ಒಯ್ದಿತು. ಆಮೇಲೆ ಅಂಗಳಕ್ಕೆ ಕಲ್ಲಿನ ಗೋಡೆ. ಅದು ಮೊದಲ ಮಳೆಗೇ ಹೊಟ್ಟೆ ಬಿಟ್ಟಿತು. ಆಮೇಲೆ ಹಿಡಿದದ್ದು ಗುಡ್ಡದ ಹುಚ್ಚು. ಮನೆಯ ಹಿಂದೆಯೇ ಗುಡ್ಡ, ತುದಿಯಲ್ಲಿ ಹಾಳುಬಿದ್ದ ಕೋಟೆ. ಪುಣೆಯಿಂದ ಮಗಳು ಶೋಭಾ, ಅಳಿಯ ಸಂದೀಪ, ಮೊಮ್ಮಗಳು ಮುಕ್ತಾ ರಜೆಗೆ ಬಂದರೆ ಸಾಕು, ಮಾವ ಅಳಿಯ ಇಬ್ಬರೂ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೋಟೆಯ ದಾರಿ ಬರೆಯುತ್ತ ಕೂರುತ್ತಿದ್ದರು. ನಾನು ಆಗಷ್ಟೇ ಒರೆಸಿದ ನೆಲದ ಮೇಲೆ.

ಆ ಶ್ರಾವಣದಲ್ಲಿ ನಮ್ಮವರು ಚಾವಣಿಯ ಪತ್ರಾಸ್ ತಗಡಿನ ತೂತು ಮುಚ್ಚಲು ಹೋಗಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಗುಡ್ಡದ ಮಾತು ಮುಗಿಯಿತು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಆದರೆ ಸಂದೀಪ ಬೂಟು ಕಟ್ಟುತ್ತ ಕೂತಿದ್ದ. ಮುಕ್ತಾಳಿಗೂ ಹೊಸ ಬೂಟು ತಂದಿದ್ದ.

“ಮಳಿ ಹಿಂಗ ಹೊಡಿಯಾಕತ್ತದ, ಸಣ್ಣ ಹುಡುಗೀನ ಎಲ್ಲಿಗೆ ಒಯ್ತೀರಿ?” ಎಂದೆ.

ಸಂದೀಪ ಮರಾಠಿಯವ. ಅವನು ಕಲಿತ ಕನ್ನಡ ನಮ್ಮ ಮನೆಯ ಊಟಕ್ಕೆ ಸಾಕಾಗುವಷ್ಟು. “ಮಳ್ಯಾಗೇ ಮಜಾ, ಆಯಿ,” ಎಂದು ನಕ್ಕ.

ಮಂಚದಿಂದ ನಮ್ಮವರು, “ಅಷ್ಟ್ ಕಾಳಜಿ ಇದ್ರ ನೀನೂ ಏರು. ಕುಂತಲ್ಲೇ ಬೈಯೂದು ಸುಲಭ ಅದ,” ಎಂದರು.

ಏರಿದೆ. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಇಬ್ಬರನ್ನೂ ಮನಸ್ಸಿನಲ್ಲೇ ಬೈಯುತ್ತ ಏರಿದೆ.

ಇಲ್ಲಿ ಒಂದು ಹಳೆಯ ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮದುವೆಯಾಗಿ ವಿಜಾಪುರದ ಕಡೆಯಿಂದ ಪುಣೆಗೆ ಬಂದಾಗ ನನಗೆ ಮರಾಠಿಯ ಗಂಧವಿರಲಿಲ್ಲ. ಶಿವಾಜಿನಗರದಲ್ಲಿ ಕಾಯಿಪಲ್ಲೆಯವನ ಮುಂದೆ ನಿಂತೆ. ಅವನು “ಕಾಯ್?” ಎಂದ. ಮರಾಠಿಯಲ್ಲಿ ಅದು ‘ಏನು’, ಅಂದರೆ ‘ಏನು ಬೇಕು’ ಎಂದು ಕೇಳಿದಂತೆ. ನಮ್ಮ ಕಡೆ ‘ಕಾಯ್’ ಎಂದರೆ ತಡಿ, ಹಾದಿ ನೋಡು. ನಾನು ಕಾದೆ. ಅವನು ಮತ್ತೆ ‘ಕಾಯ್’ ಎಂದ. ಮತ್ತೆ ಕಾದೆ. ನಮ್ಮವರು ಹುಡುಕಿಕೊಂಡು ಬಂದಾಗಲೂ ಖಾಲಿ ಚೀಲ ಹಿಡಿದು ಕಾಯುತ್ತಲೇ ಇದ್ದೆ. ಅಂದಿನಿಂದ ಅದೇ ನನ್ನ ಅಡ್ಡಹೆಸರಾಯಿತು. ನಮ್ಮವರು ತಂಬಾಕನ್ನು ದವಡೆಗೆ ಸರಿಸಿ, ‘ಕಾ’ ಎಂದು ಎಳೆದು, ಕೊನೆಗೆ ಮೂಗಿನಲ್ಲಿ ನಗುತ್ತಿದ್ದರು. ಬಸ್ಸಿಗೆ ನಿಂತರೆ ‘ಕಾಯ್’, ಹಾಲು ಕಾಸಲು ಇಟ್ಟರೆ ‘ಕಾಯ್’. ಆ ದನಿಯನ್ನು ಸಾವಿರ ಜನರ ನಡುವೆಯೂ ಗುರುತಿಸುತ್ತೇನೆ, ಅದು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಗುಡ್ಡದ ಅರ್ಧಕ್ಕೆ ಮಂಜು ಮುಚ್ಚಿತು. ಬಂಡೆಯೊಂದನ್ನು ಸುತ್ತಿಹೋಗುವ ಸಪೂರ ದಾರಿ. ಸಂದೀಪ ಆಗಲೇ ಆ ತಿರುವಿನಲ್ಲಿದ್ದ. ಮುಕ್ತಾ ನನ್ನ ಕೈ ಬಿಡಿಸಿಕೊಂಡು ಅವನ ಹಿಂದೆ ಓಡಲು ಜಗ್ಗುತ್ತಿದ್ದಳು. ಆಗ ನನ್ನ ಬೆನ್ನ ಹಿಂದಿನಿಂದ, ತಂಬಾಕು ತುಂಬಿದ ಬಾಯಿಂದ, “ಕಾಯ್.”

ಮೂಗಿನ ನಗು ಮಾತ್ರ ಇರಲಿಲ್ಲ.

ಹಿಂದೆ ಯಾರೂ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಮುಕ್ತಾ ಕೆಳಗೆ ನೋಡುತ್ತ, “ಅಜ್ಜಾ ಯಾಕ ಬಂದ?” ಎಂದಳು.

ನನಗೆ ಹೆದರಿಕೆಯಾಗಲಿಲ್ಲ, ಕೋಪ ಬಂತು. ಇಲ್ಲಿಯೂ ನನ್ನನ್ನು ಬಿಡುವುದಿಲ್ಲವಲ್ಲ ಎಂದು ಹುಡುಗಿಯನ್ನು ಜಗ್ಗಿ ಮಡಿಲಿಗೆ ಹಾಕಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟೆ. ಸಂದೀಪ ಬೇಸರದಿಂದ ವಾಪಸು ಬಂದ.

“ಏನಾತು ಆಯಿ?”

“ಯಾರೋ ಕಾಯ್ ಅಂದ್ರು. ನಾ ಮುಂದ ಬರಂಗಿಲ್ಲ, ಇಕೀನೂ ಬಿಡಂಗಿಲ್ಲ.”

“ಯಾರೋ ದನಾ ಕಾಯವರು ಇರಬೇಕು. ಏನು ಅಂತ ಕೇಳ್ಯಾರ.”

“ಎಲ್ಲಿ ಅವ? ತೋರಸು.”

ಅವನು ತೋರಿಸಲು ತಿರುಗಿದ. ಅಷ್ಟರಲ್ಲಿ ಅವನು ಬಿಟ್ಟುಬಂದ ತಿರುವಿನ ಮೇಲಿಂದ ಮಣ್ಣು, ಕಲ್ಲು, ಒಂದು ಇಡೀ ಗಿಡ ಸರಸರ ಇಳಿದವು. ಸದ್ದು ನಿಂತಾಗ ಅಲ್ಲಿ ದಾರಿಯೇ ಇರಲಿಲ್ಲ.

ಮುಕ್ತಾಳ ಕೈ ಬಿಡದೆ ಇಳಿದೆ. ಊರಂಚಿನಲ್ಲಿ ಎಮ್ಮೆ ಸಾಕಿದವಳನ್ನು ಕೇಳಿದೆ. ಇಂಥ ಮಳೆಯಲ್ಲಿ ಯಾರೂ ದನಗಳನ್ನು ಮೇಲಕ್ಕೆ ಹೊಡೆಯುವುದಿಲ್ಲ ಎಂದಳು. ಮನೆಯಲ್ಲಿ ಶೋಭಾಳನ್ನು ಕೇಳಿದೆ. “ಅಪ್ಪ ಉಂಡು ಮಲಗಿದವ ಈಗ ಎದ್ದಾನ. ನಾ ಬಾಜೂಕ್ಕ ಕುಂತಿದ್ದೆ, ತುಟಿ ಎರಡು ಮಾಡಿಲ್ಲ,” ಎಂದಳು. ನಮ್ಮವರು ಮೊದಲು ನನ್ನ ಮುಖವನ್ನೇ ನೋಡಿದರು. ರಾತ್ರಿಯ ಊಟದ ಹೊತ್ತಿಗೆ ಮಾತ್ರ, “ನನ್ನ ದನಿ ಗುಡ್ಡದ ಮಟಾ ಮುಟ್ತದ ನೋಡ್,” ಎಂದು ಮೀಸೆ ತಿರುವುತ್ತಿದ್ದರು. ಅಷ್ಟಕ್ಕೇ ಬಿಟ್ಟರೇ? ಕೋಟೆಗೆ ಇನ್ನೊಂದು ಕಡೆಯಿಂದ ದಾರಿ ಇದೆಯಂತೆ. ಮಂಚದಿಂದಲೇ ಊರುಗೋಲಿನಿಂದ ತೋರಿಸುತ್ತಿದ್ದರು, ಅಳಿಯ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ನಾಳೆಯೇ ಹೋಗುವುದಂತೆ, ಮುಕ್ತಾಳನ್ನು ಕರೆದುಕೊಂಡು.

ನಮ್ಮವರು ಈಗಿಲ್ಲ. ಗೊತ್ತಿದ್ದೂ ಹೇಳದೆ ಹೋದರೋ, ಗೊತ್ತೇ ಇರಲಿಲ್ಲವೋ, ನನಗೆ ತಿಳಿಯದು. ದೊಡ್ಡವಳಾದ ಮುಕ್ತಾ ತಾನು ಹಾಗೆ ಅಂದದ್ದೇ ನೆನಪಿಲ್ಲ ಎನ್ನುತ್ತಾಳೆ. ಮಲಗಿದ ಮನುಷ್ಯನ ದನಿ ಗುಡ್ಡ ಹೇಗೆ ಏರಿತು? ಇಂದಿಗೂ ನನಗೆ ಬಗೆಹರಿದಿಲ್ಲ.

ಗುಡ್ಡ ಇಳಿದ ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ಸಂದೀಪನ ಬೂಟು, ಮುಕ್ತಾಳ ಬೂಟು ಎರಡೂ ಜೋಡಿ ಒಯ್ದು ಮಳೆನೀರಿನ ಪೀಪಾಯಿಯಲ್ಲಿ ಮುಳುಗಿಸಿ, ಮೇಲೆ ಒಂದು ಕಲ್ಲು ಹೇರಿದೆ. ಬಾಯಲ್ಲಿ ಬ್ರಶ್ ಇಟ್ಟುಕೊಂಡು ಸಂದೀಪ ಹಿತ್ತಲಿಗೆ ಬಂದ. ಪೀಪಾಯಿ ನೋಡಿದ, ನನ್ನನ್ನು ನೋಡಿದ.

“ಆಯಿ, ಹೇ ಕಾಯ್?” ಎಂದ.

“ಹೌದಪಾ, ಕಾಯ್,” ಎಂದೆ. “ಒಣಗೂತನಕ ಕಾಯ್.”